ಉಸಿರೂ ಬೈಕಿನ ಹೊಗೆಯೂ ಒಂದೇ ಅಲ್ಲ

ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ನಡೆದರೂ, ಸೈಕಲ್ ತುಳಿದರೂ ಏದುಸಿರು ಬರುತ್ತದೆ. ಅದರಲ್ಲೂ ಕಾರ್ಬನ್ ಡೈಆಕ್ಸೈಡ್ ಇದೆ. ಭೂಮಿ ಬಿಸಿಯಾಗೋದಕ್ಕೆ ಬೈಕೂ ಒಂದೇ, ನಡಿಗೆಯೂ ಒಂದೇ.”

ಉಸಿರಿನ ಮಾತು ನಿಜ. ಲೆಕ್ಕ ತಪ್ಪು.

ನಾವು ಬಿಡುವ ಉಸಿರಿನ ಇಂಗಾಲ ಬಂದಿದ್ದು ತಿಂದ ಜೋಳದ ರೊಟ್ಟಿಯಿಂದ. ಹಿಂಗಾರಿನಲ್ಲಿ ಎರೆಹೊಲದಲ್ಲಿ ಬೆಳೆಯುವಾಗ ಆ ಜೋಳ ಅದನ್ನು ಗಾಳಿಯಿಂದಲೇ ಎಳೆದುಕೊಂಡಿತ್ತು. ತಗೊಂಡಿದ್ದನ್ನು ವಾಪಸ್ ಕೊಟ್ಟ ಹಾಗೆ, ಅಷ್ಟೇ. ಪೆಟ್ರೋಲಿನ ಕಥೆ ಬೇರೆ. ಅದರ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇತ್ತು. ಒಂದು ಲೀಟರ್ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊಸದಾಗಿ ಗಾಳಿಗೆ ಸೇರುತ್ತದೆ. (ಲೀಟರ್ ಪೆಟ್ರೋಲ್ ತೂಗುವುದೇ ಮುಕ್ಕಾಲು ಕಿಲೋ, ಹೊಗೆ ಜಾಸ್ತಿ ಹೇಗೆ ಅಂತೀರಾ? ಉರಿಯುವಾಗ ಗಾಳಿಯ ಆಮ್ಲಜನಕವೂ ಕೂಡಿಕೊಳ್ಳುತ್ತದೆ.)

ಜೋಳ ಬೆಳೆಯಲು ಗೊಬ್ಬರ, ಟ್ರ್ಯಾಕ್ಟರಿಗೆ ಡೀಸೆಲ್ ಬೇಕಲ್ವಾ? ಬೇಕು. ಆದರೆ ಬೈಕಿನವರೂ ರೊಟ್ಟಿ ತಿನ್ನುತ್ತಾರೆ. ನಡೆಯುವವರು ಒಂದು ತುಂಡು ಜಾಸ್ತಿ ತಿಂದಾರು.

ಸಂದೇಶದ ಕೊನೆಯಲ್ಲಿ ಇನ್ನೊಂದು ಮಾತಿದೆ: “ನಮ್ಮ ಬಿಸಿಲು ರೂಢಿಯಾದವರಿಗೆ ಏನೂ ಆಗಲ್ಲ, ಮಧ್ಯಾಹ್ನವೇ ಓಡಿ.” ಇದು ಸುಮ್ನೆ ತಪ್ಪಲ್ಲ, ಅಪಾಯ. ದೇಹ ಒಂದೆರಡು ವಾರದಲ್ಲಿ ಬಿಸಿಲಿಗೆ ಹೊಂದಿಕೊಳ್ಳುತ್ತದೆ, ಅದಕ್ಕೂ ಮಿತಿ ಇದೆ. ಓಡುವಾಗ ಸ್ನಾಯುಗಳೇ ಒಲೆಯಂತೆ ಶಾಖ ಹುಟ್ಟಿಸುತ್ತವೆ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮಾತು ತಡವರಿಸಿದರೆ ಅದು ಶಾಖಾಘಾತ. ತಕ್ಷಣ ಮೈಮೇಲೆ ತಣ್ಣೀರು ಹಾಕುತ್ತಾ ಆಸ್ಪತ್ರೆಗೆ ಒಯ್ಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಏಳರೊಳಗೇ ವಾಕಿಂಗ್ ಮುಗಿಸಿ.