ಆ ಮೂರು ನಿಮಿಷಕ್ಕೆ ಕತ್ತರಿ ಹಾಕಬೇಡಿ

ಈಗಷ್ಟೇ ಒಂದು ರೀಲ್ ನೋಡಿ ಮೈಯೆಲ್ಲ ಉರಿಯುತ್ತಿದೆ. ಬ್ರಿಟನ್ನಿನ ರಾಕ್ ತಂಡ ದಿ ಕ್ಯೂರ್‌ನ ‘ಅಲೋನ್’ ಹಾಡನ್ನು ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವ ಜಾಗದಿಂದ ಶುರು ಮಾಡಿದ್ದಾರೆ. ಅದಕ್ಕಿಂತ ಮುಂಚಿನ ಮೂರು ನಿಮಿಷ ಚಿಲ್ಲರೆ ಪೂರ್ತಿ ಮಾಯ. ಕೆಳಗೆ ಕಾಮೆಂಟು ಹಾಕಿದವರೂ ‘ಸರಿಯಾಗಿ ಮಾಡಿದ್ರಿ, ಇಂಟ್ರೋ ಬೋರು’ ಅಂತ ಬೆನ್ನು ತಟ್ಟಿದ್ದಾರೆ.

2008ರ ‘4:13 ಡ್ರೀಮ್’ ಆದಮೇಲೆ ಈ ತಂಡದಿಂದ ಹೊಸ ಆಲ್ಬಂ ಬಂದಿದ್ದು 2024ರ ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನ. ಹೆಸರು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’, ‘ಅಲೋನ್’ ಅದರ ಮೊದಲ ಹಾಡು. ಹದಿನಾರು ವರ್ಷ ಕಾದವರಿಗೆ ಮೂರು ನಿಮಿಷ ಕಾಯೋದು ಭಾರವಾಯಿತಾ?

ಆ ಮೂರು ನಿಮಿಷದಲ್ಲಿ ಏನಿದೆ ಅಂತ ಸ್ವಲ್ಪ ಕಿವಿಗೊಡಿ. ಜೇಸನ್ ಕೂಪರ್ ಅವರ ಡ್ರಮ್ಮು ನಿಧಾನ, ಒಂದೊಂದು ಪೆಟ್ಟಿನ ನಡುವೆ ಧಾರಾಳ ಜಾಗ. ಸೈಮನ್ ಗ್ಯಾಲಪ್ ಅವರ ಬೇಸ್ ಗಿಟಾರು ಕರಕರ ಅನ್ನುತ್ತಾ ನೆಲ ಹಿಡಿದು ನಡೆಯುತ್ತದೆ. ಅದರ ಮೇಲೆ ರೋಜರ್ ಒಡಾನೆಲ್ ಅವರ ಕೀಬೋರ್ಡು. ಇದನ್ನು ನಮ್ಮ ಆಲಾಪದ ಹಾಗೆ ಅಂದುಕೊಂಡು ಕೇಳಿದರೂ ದಾರಿ ತಪ್ಪುತ್ತೀರಿ. ಆಲಾಪದಲ್ಲಿ ರಾಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಇಲ್ಲಿ ರಾಗ ಎಲ್ಲಿಗೂ ಹೋಗುವುದಿಲ್ಲ. ಅದೇ ಸ್ವರಗುಚ್ಛಗಳು ಮತ್ತೆ ಮತ್ತೆ ಸುತ್ತುತ್ತವೆ, ಭಾರ ಮಾತ್ರ ಏರುತ್ತದೆ. ಅದನ್ನು ಹೊತ್ತ ಮೇಲೆ ದನಿ ಬಂದಾಗಲೇ, ಹಾಡುಗಳೆಲ್ಲ ಇಲ್ಲಿಗೆ ಮುಗಿದವು ಅನ್ನುವ ಆ ಮೊದಲ ಸಾಲು ಎದೆಗೆ ತಾಗೋದು. ಕತ್ತರಿಸಿದ ಹಾಡಿನಲ್ಲಿ ಅದು ಬರೀ ಒಂದು ಸಾಲು.

ಕೊನೆಯ ಹಾಡು ‘ಎಂಡ್‌ಸಾಂಗ್’ 10 ನಿಮಿಷ 23 ಸೆಕೆಂಡು. ಅಲ್ಲಿ ದನಿ ಬರುವುದು ಆರು ನಿಮಿಷ ದಾಟಿದ ಮೇಲೆ. ಈ ಉದ್ದ ಬರೀ ಸ್ಟುಡಿಯೋದೊಳಗೆ ಉಳಿದದ್ದಲ್ಲ. 2022ರ ಅಕ್ಟೋಬರಿನಲ್ಲಿ ಲಾಟ್ವಿಯಾದ ರೀಗಾದಿಂದ ಹೊರಟ ಸಂಗೀತ ಪ್ರವಾಸದಲ್ಲಿ ಕಾರ್ಯಕ್ರಮ ಶುರುವಾಗುತ್ತಿದ್ದದ್ದೇ ‘ಅಲೋನ್’ನಿಂದ. ಎರಡು ವರ್ಷ ಮುಂಚೆಯೇ ಸಾವಿರಾರು ಜನರ ಮುಂದೆ ನಿಂತು ಗೆದ್ದ ಅಳತೆ ಅದು.

ಇನ್ನು ‘ಫೋನಲ್ಲಿ ಕೇಳಿದೆ, ಏನೂ ಅನ್ನಿಸಲಿಲ್ಲ’ ಅನ್ನುವವರಿಗೆ. ಬೇಸ್ ಗಿಟಾರಿನ ದಪ್ಪ ತಂತಿಯ ಮೂಲ ಸ್ವರ 41 ಹರ್ಟ್ಸ್ ಸುಮಾರಿನದು, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಫೋನಿನ ಸ್ಪೀಕರು ಇನ್ನೂರು ಮುನ್ನೂರು ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಮ್ಮಿ ಮೂಕ. ಅಂದರೆ ಆ ಇಂಟ್ರೋದ ಅರ್ಧ ಜೀವ ನಿಮಗೆ ತಲುಪಿಯೇ ಇಲ್ಲ. ಕಿವಿಗೆ ಸರಿಯಾಗಿ ಕೂರುವ ರಬ್ಬರಿನ ಇಯರ್‌ಫೋನ್ ಹಾಕಿ, ಸಡಿಲವಾಗಿದ್ದರೆ ಮೊದಲು ಸೋರಿ ಹೋಗುವುದೇ ಬೇಸ್. ಬಸ್ಸಿನಲ್ಲಿ ಬೇಡ, ಎಂಜಿನ್ನಿನ ಗುಡುಗು ಅದೇ ಸ್ವರಗಳನ್ನು ನುಂಗುತ್ತದೆ. ಆ್ಯಪಿನಲ್ಲಿ ಹಾಡುಗಳ ಸಾಲು ಕಲಸುವ ಶಫಲ್ ಮತ್ತು ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ‘ಐ ಕೆನ್ ನೆವರ್ ಸೇ ಗುಡ್‌ಬೈ’ ಶುರುವಾಗುವುದೇ ಗುಡುಗಿನ ಸದ್ದಿನಿಂದ, ಆಮೇಲೆ ಪಿಯಾನೋದ ಸಣ್ಣ ಎಳೆ. ಸ್ಮಿತ್ ತಮ್ಮ ಅಣ್ಣ ರಿಚರ್ಡ್ ತೀರಿಕೊಂಡದ್ದಕ್ಕೆ ಬರೆದ ಹಾಡು. ಹಿಂದಿನ ಹಾಡಿನ ಗಿಟಾರು ಅದರ ಮೇಲೆ ಹರಿದಾಡಿದರೆ ಹೇಗಿರುತ್ತೆ ಹೇಳಿ!

ವಾಲ್ಯೂಮ್ ಜೋರು ಮಾಡಿದರೆ ಚೆನ್ನಾಗಿ ಕೇಳುತ್ತೆ ಅನ್ನೋದೂ ತಪ್ಪು. ಈ ಆಲ್ಬಮ್ಮನ್ನು ಮಾಸ್ಟರ್ ಮಾಡಿರುವುದೇ, ಅಂದರೆ ಕೊನೆಯ ಹಂತದಲ್ಲಿ ಸದ್ದಿನ ಮಟ್ಟ ಕೂರಿಸಿರುವುದೇ ಜೋರಾಗಿ, ಗಿಟಾರು ಸಿಂಬಲ್ಲು ಎಲ್ಲ ಒತ್ತೊತ್ತಾಗಿ ತುಂಬಿವೆ. ಗದ್ದಲ ಜಾಸ್ತಿ ಅನ್ನುವ ದೂರನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ವಾಲ್ಯೂಮ್ ಒಂದೆರಡು ಗೆರೆ ಇಳಿಸುವುದು, ಇಂಟ್ರೋ ಹಾರಿಸುವುದಲ್ಲ.

ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ ಕೊಳ್ಳುವವರೂ ಒಂದು ವಿಷಯ ನೋಡಿಕೊಳ್ಳಿ. ಒಂದೇ ತಟ್ಟೆಯಲ್ಲಿ ನಾಲ್ಕು ನಾಲ್ಕು ಹಾಡು ಹಂಚಿದರೆ ಎರಡನೇ ಬದಿಗೆ 26 ನಿಮಿಷ ದಾಟುತ್ತದೆ. ಅಷ್ಟು ಉದ್ದ ತುಂಬಿಸಲು ಸೂಜಿ ಓಡುವ ಗೆರೆಗಳನ್ನು ಕಿರಿದಾಗಿ ಕೊರೆಯಬೇಕು. ಜೊತೆಗೆ ತಟ್ಟೆ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡಿದರೆ, ಒಳಗೆ ಲೇಬಲ್ ಹತ್ತಿರ 21ರ ಆಸುಪಾಸಿಗೆ ಇಳಿಯುತ್ತದೆ. ಆ ಇಕ್ಕಟ್ಟಿನಲ್ಲೇ ‘ಎಂಡ್‌ಸಾಂಗ್’ ಬರುವುದು, ಅದರಲ್ಲೂ ಎಲ್ಲಕ್ಕಿಂತ ಗದ್ದಲದ ಭಾಗ. ಸೂಜಿ ಸವೆದಿದ್ದರೆ, ಸೂಜಿ ಕೂರುವ ಕಾರ್ಟ್ರಿಜ್ ಸ್ವಲ್ಪ ಓರೆ ಕೂತಿದ್ದರೆ ಸದ್ದು ಹರಿದಂತೆ ಕೇಳುತ್ತದೆ. ಅರ್ಧ ವೇಗದಲ್ಲಿ ಕೊರೆದ ಎರಡು ತಟ್ಟೆಯ ಆವೃತ್ತಿ ಬಂದಿದೆ, ಕೈಗೆಟುಕಿದರೆ ಅದನ್ನೇ ಕೊಳ್ಳಿ.

‘ಹದಿನಾರು ವರ್ಷಕ್ಕೆ ಎಂಟೇ ಹಾಡಾ, ಈಗ ಯಾರಿಗೆ ಅಷ್ಟು ಪುರುಸೊತ್ತು’ ಅಂತ ಕೇಳುವವರು ಇದ್ದಾರೆ. ಎಂಟು ಹಾಡು ಅಂದರೆ 49 ನಿಮಿಷ. ಪುರುಸೊತ್ತಿನ ಮಾತಂತೂ ಸುಳ್ಳು. ಮೂರು ನಿಮಿಷ ಕಾಯಿಸಿ ಶುರುವಾಗುವ ಇದೇ ಆಲ್ಬಂ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. 1992ರ ‘ವಿಶ್’ ಆದಮೇಲೆ ಈ ತಂಡಕ್ಕೆ ಅಲ್ಲಿ ಆ ಸ್ಥಾನ ಸಿಕ್ಕಿರಲೇ ಇಲ್ಲ. ಜನಕ್ಕೆ ತಾಳ್ಮೆ ಇದೆ ಕಣ್ರೀ, ಕತ್ತರಿ ಹಿಡಿದವರಿಗೆ ಇಲ್ಲ.

ಚಿಕ್ಕದೇ ಬೇಕು ಅಂದರೆ ‘ಎ ಫ್ರಜೈಲ್ ಥಿಂಗ್’ ಇದೆ, ಐದು ನಿಮಿಷದೊಳಗೆ ಮುಗಿಯುತ್ತದೆ, ದನಿಯೂ ಬೇಗ ಬರುತ್ತದೆ. ರೀಲಿಗೆ ಅದನ್ನು ಹಾಕಿಕೊಳ್ಳಿ. ‘ಅಲೋನ್’ ತಂಟೆಗೆ ಬರಬೇಡಿ.