ಎರಡು ಮೆಡಿಕಲ್‌ಗಳ ನಡುವೆ ಬರುವ ಕಾಯಿಲೆ

ಮೊನ್ನೆ ಶನಿವಾರ ಬೆಳಿಗ್ಗೆ ವಿಮಾನ ಹಾರಿಸಬೇಕಿತ್ತು, ಕ್ಯಾನ್ಸಲ್ ಮಾಡಿದೆ. ವಿಮಾನದಲ್ಲಿ ಏನೂ ತೊಂದರೆ ಇರಲಿಲ್ಲ, ಆಕಾಶವೂ ತಿಳಿಯಾಗಿತ್ತು. ಗುರುವಾರ ರಾತ್ರಿ ಮೂಗು ಸೋರುತ್ತಿದೆ ಅಂತ ಒಂದು ಅಲರ್ಜಿ ಮಾತ್ರೆ ನುಂಗಿದ್ದೆ, ಅಷ್ಟೇ. ಡಾಕ್ಟರ್ ಚೀಟಿ ಕೂಡ ಬೇಕಿಲ್ಲದ, ಅಂಗಡಿಯಲ್ಲಿ ಸುಮ್ನೆ ಕೈಗೆ ಸಿಗುವ ಮಾತ್ರೆ. ಆದರೆ ಅದರಲ್ಲಿ ಡೈಫೆನ್‌ಹೈಡ್ರಮೀನ್ ಅನ್ನುವ, ಮಂಪರು ತರುವ ಔಷಧಿ ಇದೆ. ಅದನ್ನು ತಗೊಂಡ ಮೇಲೆ 60 ಗಂಟೆ ಹಾರಿಸಬೇಡಿ ಅನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ನನ್ನ ಲೆಕ್ಕಕ್ಕೆ ಆಗಿದ್ದು 35 ಗಂಟೆ.

ಜೊತೆಗೆ ಬರಬೇಕಿದ್ದ ಗೆಳೆಯ ನಕ್ಕುಬಿಟ್ಟ. "ಈಗ ನಿದ್ದೆ ಬರ್ತಿದೆಯೇನೋ ನಿಂಗೆ? ಇಲ್ವಲ್ಲ!" ಅಂದ. ತೊಂದರೆ ಇರುವುದೇ ಅಲ್ಲಿ. ತೂಕಡಿಕೆ ಹೋಗಿರುತ್ತದೆ, ತಲೆ ಓಡುವುದು ಮಾತ್ರ ಇನ್ನೂ ನಿಧಾನವಾಗಿರುತ್ತದೆ, ಮತ್ತು ಅದು ನಮಗೇ ಗೊತ್ತಾಗುವುದಿಲ್ಲ. ಅಪಘಾತದಲ್ಲಿ ಸತ್ತ ಪೈಲಟ್‌ಗಳ ದೇಹದಲ್ಲಿ ಏನೇನು ಔಷಧಿ ಇತ್ತು ಅಂತ ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2014ರಲ್ಲಿ ಒಂದು ಅಧ್ಯಯನ ಹೊರಡಿಸಿತ್ತು. ಮಂಪರು ತರಬಲ್ಲ ಔಷಧಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಇದೇ. ಅಪಘಾತಕ್ಕೆಲ್ಲ ಅದೇ ಕಾರಣ ಅಂತಲ್ಲ. ಆದರೂ ಶೀತದ ಮಾತ್ರೆ ತಾನೇ ಅಂತ ನುಂಗಿ ಹಾರಿದವರು ಎಷ್ಟೋ ಜನ ಇದ್ದರು ಅಂತಾಯ್ತಲ್ಲ.

ಗೆಳೆಯನ ಮುಂದಿನ ಪ್ರಶ್ನೆ: "ಹಾಗಾದ್ರೆ ಎಫ್‌ಎಎಗೆ ಫೋನ್ ಮಾಡಿ ಹೇಳ್ಬೇಕಾ?" ಬೇಕಿಲ್ಲ. ತುಂಬಾ ಜನ ತಪ್ಪು ತಿಳಿದಿರುವುದು ಇದನ್ನೇ. ಹಾರಿಸಲು ಆರೋಗ್ಯ ಸರಿಯಿದೆ ಅಂತ ಡಾಕ್ಟರ್ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟಿಗೆ ನಾವು ಮೆಡಿಕಲ್ ಅಂತೀವಿ. ನನ್ನಂಥ ಹವ್ಯಾಸಿ ಪೈಲಟ್‌ಗೆ 40 ದಾಟಿದ್ದರೆ 24 ತಿಂಗಳಿಗೊಮ್ಮೆ ಮೆಡಿಕಲ್, ಅದಕ್ಕಿಂತ ಚಿಕ್ಕವರಿಗೆ 60 ತಿಂಗಳಿಗೊಮ್ಮೆ. ಐದು ವರ್ಷದಲ್ಲಿ ಮನುಷ್ಯನಿಗೆ ಏನು ಬೇಕಾದರೂ ಆಗಬಹುದು. ಬಿಪಿ ಬರಬಹುದು, ಕಿಡ್ನಿಯಲ್ಲಿ ಕಲ್ಲಾಗಬಹುದು, ಡಿಪ್ರೆಶನ್‌ಗೆ ಮಾತ್ರೆ ಶುರುವಾಗಬಹುದು. ಇವನ್ನೆಲ್ಲ ಆದ ದಿನವೇ ವರದಿ ಮಾಡಬೇಕು ಅಂತ ಅಮೆರಿಕದಲ್ಲಿ ಸಾಮಾನ್ಯ ನಿಯಮ ಇಲ್ಲ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು ಶಿಕ್ಷೆಯಾದರೆ, ಇಲ್ಲವೇ ಅದೇ ಕಾರಣಕ್ಕೆ ಡ್ರೈವಿಂಗ್ ಲೈಸೆನ್ಸ್ ಅಮಾನತಾದರೆ 60 ದಿನದೊಳಗೆ ತಿಳಿಸಬೇಕು, ಅದು ಬೇರೆ ಮಾತು. ಕಾಯಿಲೆಗೆ ಇರುವುದು 61.53 ಅನ್ನುವ ನಿಯಮ. ನಿನ್ನ ಮೆಡಿಕಲ್‌ಗೆ ಒಪ್ಪದ ಕಾಯಿಲೆ ಇದೆ, ಅಥವಾ ಅಂಥ ಔಷಧಿ ತಗೊಳ್ತಿದ್ದೀಯ ಅಂತ ನಿನಗೆ ಗೊತ್ತಿದ್ದರೆ ಹಾರಿಸಬೇಡ ಅನ್ನುತ್ತದೆ ಅದು. ಗೊತ್ತಾಗಲು ಕಾರಣ ಇದ್ದರೂ ಸಾಕು, ಹಾರಿಸುವಂತಿಲ್ಲ. ಯುರೋಪಿನಲ್ಲಿ ಇನ್ನೂ ಬಿಗಿ. ಆಪರೇಷನ್ ಆದರೆ, ದಿನವೂ ತಗೊಳ್ಳುವ ಮಾತ್ರೆ ಶುರುವಾದರೆ ತಡಮಾಡದೆ ವೈಮಾನಿಕ ವೈದ್ಯರ ಸಲಹೆ ಕೇಳಲೇಬೇಕು.

ಅಂದರೆ ಎರಡು ಮೆಡಿಕಲ್‌ಗಳ ನಡುವೆ ನಮಗೆ ನಾವೇ ಡಾಕ್ಟರು, ನಾವೇ ಪೊಲೀಸು. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಪ್ರತಿ ನೆಗಡಿಗೂ ಸರ್ಕಾರಕ್ಕೆ ಪತ್ರ ಬರೆಯಲು ಆಗುತ್ತಾ?

ನನ್ನ ಸಿಟ್ಟು ಇರುವುದು ಮುಂದಿನ ಮೆಡಿಕಲ್ ಫಾರಂ ನೋಡಿದಾಗ ಹುಟ್ಟುವ ಭಯದ ಮೇಲೆ. ಈಗ ಯಾವ ಔಷಧಿ ತಗೊಳ್ತಿದ್ದೀರಿ, ಜೀವನದಲ್ಲಿ ಯಾವತ್ತಾದರೂ ಈ ಕಾಯಿಲೆಗಳು ಬಂದಿದ್ದವಾ, ಕಳೆದ ಮೂರು ವರ್ಷದಲ್ಲಿ ಯಾವ ಯಾವ ಡಾಕ್ಟರ್ ಹತ್ತಿರ ಹೋಗಿದ್ದಿರಿ, ಯಾಕೆ ಹೋಗಿದ್ದಿರಿ ಅಂತ ಅದು ಕೇಳುತ್ತದೆ. ಬೇಕಂತಲೇ ಸುಳ್ಳು ಬರೆದರೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಇನ್ನು ನಿಜ ಬರೆದರೆ? ಎಷ್ಟೋ ಕಾಯಿಲೆಗೆ ಕೊನೆಗೆ ಮೆಡಿಕಲ್ ಸಿಕ್ಕೇ ಸಿಗುತ್ತದೆ, ಆದರೆ ರಿಪೋರ್ಟು, ಇನ್ನೊಂದು ರಿಪೋರ್ಟು, ಮತ್ತೊಂದು ಪರೀಕ್ಷೆ ಅಂತ ತಿಂಗಳುಗಟ್ಟಲೆ ಕಾಯಬೇಕು. ಹವ್ಯಾಸಿಗೆ ಅದು ಬೇಜಾರು. ಹೊಟ್ಟೆಪಾಡಿಗೆ ಹಾರಿಸುವವನಿಗೆ ಅಷ್ಟೂ ತಿಂಗಳ ಸಂಬಳದ ಪ್ರಶ್ನೆ. ಅದಕ್ಕೇ ಕೆಲವರು ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಹೋಗದಿದ್ದರೆ ಬರೆಯುವುದೇನೂ ಇರುವುದಿಲ್ಲವಲ್ಲ!

ನನ್ನ ಪರಿಚಯದ ಹಿರಿಯರೊಬ್ಬರು ಹೀಗೇ ಮಾಡುತ್ತಿದ್ದರು. ರಾತ್ರಿ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತು ಹೋಗುತ್ತೆ ಅಂತ ಅವರ ಹೆಂಡತಿ ಹೇಳುತ್ತಲೇ ಇದ್ದರು. ಸ್ಲೀಪ್ ಆಪ್ನಿಯಾ ಇರಬಹುದು, ಟೆಸ್ಟ್ ಮಾಡಿಸಿ ಅಂದರೆ "ನೋಡೋಣ" ಅನ್ನುವರು. ಚಿಕಿತ್ಸೆ ಇಲ್ಲದ ಆಪ್ನಿಯಾ ಇಟ್ಟುಕೊಂಡು ಹಾರಿಸುವಂತಿಲ್ಲ, ಉಸಿರಾಟದ ಮೆಷಿನ್ ಹಾಕಿಕೊಂಡು ಮಲಗಿ ಸರಿಹೋದರೆ ಮತ್ತೆ ಹಾರಿಸಬಹುದು. ಅದು ಅವರಿಗೂ ಗೊತ್ತು. ಗೊತ್ತಾಗದಿದ್ದರೆ ನಿಯಮ ಮುರಿದಂತಲ್ಲ ಅನ್ನುವ ಲೆಕ್ಕಾಚಾರ. ಆದರೆ ಗೊತ್ತಾಗಲು ಕಾರಣ ಪಕ್ಕದಲ್ಲೇ ಮಲಗಿದೆಯಲ್ಲ ಸಾರ್!

ಮುಚ್ಚಿಟ್ಟರೆ ಏನಾಗುತ್ತದೆ ಅಂತ 2015ರ ಮಾರ್ಚ್ 24ರಂದು ಜಗತ್ತೇ ನೋಡಿತು. ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹ ಪೈಲಟ್ಟೇ ಬೇಕಂತಲೇ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ, 150 ಜನ ಸತ್ತರು. ಕೆಲಸಕ್ಕೆ ಹೋಗಬೇಡ ಅಂತ ಡಾಕ್ಟರು ಬರೆದುಕೊಟ್ಟಿದ್ದರು, ಅವನು ಆ ಚೀಟಿಯನ್ನು ಕಂಪನಿಗೆ ತೋರಿಸಿರಲಿಲ್ಲ. ಆಮೇಲೆ ಕೆಲವರು ಮಾನಸಿಕ ಕಾಯಿಲೆ ಇದ್ದವರನ್ನೆಲ್ಲ ಹೊರಗೆ ಹಾಕಿ ಅಂದರು. ನನಗದು ಉಲ್ಟಾ ದಾರಿ ಅನ್ನಿಸುತ್ತದೆ. ಬಾಗಿಲು ಹಾಕಿದಷ್ಟೂ ಬಚ್ಚಿಡುವವರು ಜಾಸ್ತಿಯಾಗುತ್ತಾರೆ. 2010ರವರೆಗೂ ಅಮೆರಿಕದಲ್ಲಿ ಡಿಪ್ರೆಶನ್ ಮಾತ್ರೆ ತಗೊಂಡರೆ ಹಾರಾಟ ಬಂದ್. ಆ ವರ್ಷ ನಾಲ್ಕು ಔಷಧಿಗಳಿಗೆ ದಾರಿ ಬಿಟ್ಟರು, ಆದರೆ ಮೊದಲು 12 ತಿಂಗಳು ಸ್ಥಿರವಾಗಿರಬೇಕು ಅಂದರು. ಆಮೇಲೆ ಆ ಅವಧಿ ಇಳಿಸಿದರು, ಪಟ್ಟಿಗೆ ಬೇರೆ ಔಷಧಿಗಳೂ ಸೇರಿದವು. ಇನ್ನೂ ಇಳಿಸಲಿ ಅಂತ ನಾನು ಹೇಳುವುದಿಲ್ಲ, ಅದು ಡಾಕ್ಟರುಗಳ ಕೆಲಸ. ಕಚೇರಿಯಲ್ಲಿ ಕಾಗದ ಕೊಳೆಯುವ ತಿಂಗಳುಗಳನ್ನಾದರೂ ಕಡಿಮೆ ಮಾಡಿ ಅಂತೀನಿ ಅಷ್ಟೇ. ಚಿಕಿತ್ಸೆಗೆ ಬೇಕಾದ ಸಮಯ ಬೇರೆ, ಫೈಲು ಮೇಜಿನ ಮೇಲೆ ಮಲಗುವ ಸಮಯ ಬೇರೆ.

ಹಾಗಂತ ಬಚ್ಚಿಟ್ಟವರ ಪರ ವಾದಿಸುತ್ತಿಲ್ಲ. ಸೇನೆಯಿಂದ ನಿವೃತ್ತರಾದ ಸುಮಾರು 4,800 ಪೈಲಟ್‌ಗಳ ದಾಖಲೆಗಳನ್ನು ಎಫ್‌ಎಎ ತನಿಖೆ ಮಾಡುತ್ತಿದೆ ಅಂತ 2023ರಲ್ಲಿ ಸುದ್ದಿ ಬಂತು. ಮಾಜಿ ಸೈನಿಕರ ಇಲಾಖೆಗೆ ಕಾಯಿಲೆ ತೋರಿಸಿ ಪರಿಹಾರ ತಗೊಂಡು ಮೆಡಿಕಲ್ ಫಾರಂನಲ್ಲಿ ಅದನ್ನು ಬಿಟ್ಟಿರಬಹುದು ಅನ್ನುವ ಅನುಮಾನ. ಅವರಲ್ಲಿ ಫಾರಂ ಸರಿಯಾಗಿ ಅರ್ಥವಾಗದವರೂ ಇದ್ದಿರಬಹುದು. ಆದರೆ ಒಂದೇ ಮನುಷ್ಯ ಒಂದು ಕಚೇರಿಗೆ ರೋಗಿ, ಇನ್ನೊಂದಕ್ಕೆ ಗಟ್ಟಿಮುಟ್ಟು ಆಗಲು ಆಗಲ್ಲ ಅಲ್ವಾ?

ಆ ಹಿರಿಯರು ಕಳೆದ ವಾರ ಕೊನೆಗೂ ನಿದ್ದೆ ಪರೀಕ್ಷೆ ಮಾಡಿಸಿಕೊಂಡರು. ರಿಪೋರ್ಟ್ ಬರುವವರೆಗೆ ತಾವು ಹಾರಿಸುವುದಿಲ್ಲ ಅಂದಿದ್ದಾರೆ. ನನ್ನ 60 ಗಂಟೆ ಮುಗಿದ ಮೇಲೆ ಭಾನುವಾರ ನನ್ನ ಜೊತೆ ಬಂದು ಬಲಗಡೆ ಸೀಟಿನಲ್ಲಿ ಕೂತರು. ನನ್ನ ಮೂರೂ ಲ್ಯಾಂಡಿಂಗ್‌ಗೆ ಹೆಸರಿಟ್ಟರು.