ನನ್ನ ಓಟು ನಾರ್ತ್ ಬೆರಿಕ್‌ಗೆ

ಎಡಿನ್‌ಬರೋಗೆ ಬಂದು ಆರು ವರ್ಷ ಆಯಿತು. ಊರಿಂದ ಗಾಲ್ಫ್ ಆಡುವ ಗೆಳೆಯರು ಯಾರೇ ಬಂದರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಒಂದು ಲಿಂಕ್ಸ್ ಕೋರ್ಸ್ ಆಡೋಕೆ ಮಾತ್ರ ಟೈಮ್ ಇದೆ, ಯಾವುದು ಆಡಲಿ?" ಸೇಂಟ್ ಆಂಡ್ರ್ಯೂಸ್ ಅಥವಾ ಮ್ಯೂರ್‌ಫೀಲ್ಡ್ ಅಂತೀನಿ ಎಂದು ಕಾದಿರುತ್ತಾರೆ. ನಾನು ನಾರ್ತ್ ಬೆರಿಕ್ ಅನ್ನುತ್ತೇನೆ. ಯಾಕೆ ಅಂತ ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಲಿಂಕ್ಸ್ ಅಂದರೆ ಕಡಲಿಗೂ ಹೊಲಗಳಿಗೂ ನಡುವಿನ ಮರಳು ನೆಲ. ಉಳೋಕೆ ಬಾರದ ನೆಲ. ಮಳೆ ಬಿದ್ದರೆ ನೀರು ಬೇಗ ಇಂಗಿಹೋಗುತ್ತದೆ. ಮೇಲೆ ಫೆಸ್ಕ್ಯೂ ಎಂಬ ನವಿರಾದ ಹುಲ್ಲು, ಕೆಳಗೆ ಗಟ್ಟಿ ನೆಲ. ಚೆಂಡು ಬಿದ್ದ ಮೇಲೂ ಉರುಳುತ್ತಲೇ ಇರುತ್ತದೆ. ನಾನು ಆಟ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿನ ಹಳೆಯ ಕ್ಲಬ್ಬೂ 1876ರದ್ದು, ಗಾಲ್ಫ್ ನಮಗೇನೂ ಹೊಸದಲ್ಲ. ಆದರೆ ಚೆಂಡನ್ನು ಎತ್ತಿ ಹೊಡೆದು ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ಇಳಿಸುವುದೇ ಆಟ ಅಂದುಕೊಂಡಿದ್ದೆ. ಇಲ್ಲಿ ಎತ್ತಿ ಹೊಡೆದರೆ ಗಾಳಿ ಅದನ್ನು ಎಲ್ಲಿಗೋ ಒಯ್ಯುತ್ತದೆ. ಎಲ್ಲಿ ಬೀಳಿಸಿದರೆ ಯಾವ ಕಡೆ ಉರುಳುತ್ತದೆ ಅನ್ನುವುದನ್ನು ಕಲಿಯಬೇಕು. ಅದಕ್ಕೇ ನನ್ನ ಅಳತೆಗೋಲು ಇಷ್ಟೇ: ಒಂದು ಹೋಲ್ (ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಕೋರ್ಸ್‌ನ ಒಂದು ಭಾಗ) ಆಡಲು ಆ ನೆಲ ನನಗೆ ಎಷ್ಟು ದಾರಿ ಕೊಡುತ್ತದೆ?

ಈ ಲೆಕ್ಕದಲ್ಲಿ ಇನ್ನೊಂದು ಹೆಸರಾಂತ ಲಿಂಕ್ಸ್ ಕಾರ್ನೂಸ್ಟಿ ನನಗೆ ಸ್ವಲ್ಪ ಕೆಳಗೆ. ಕಷ್ಟದ ಕೋರ್ಸ್, ಒಪ್ಪುತ್ತೇನೆ. 1999ರ ಓಪನ್ (ಬ್ರಿಟಿಷ್ ಓಪನ್) ಟೂರ್ನಿಯಲ್ಲಿ ಮೂರು ಶಾಟ್ ಮುಂದಿದ್ದ ಫ್ರಾನ್ಸಿನ ಆಟಗಾರ ವಾನ್ ಡ ವೆಲ್ಡ್ ಕೊನೆಯ ಹೋಲ್‌ನಲ್ಲಿ ಏಳು ಹೊಡೆತ ತೆಗೆದುಕೊಂಡದ್ದು, ಪ್ಯಾಂಟ್ ಮಡಚಿಕೊಂಡು ಬ್ಯಾರಿ ಬರ್ನ್ ಹಳ್ಳಕ್ಕೆ ಇಳಿದದ್ದು ಯಾರಿಗೆ ಮರೆಯುತ್ತದೆ? ಆದರೆ ಕಷ್ಟ ಬೇರೆ, ರುಚಿ ಬೇರೆ ಅಲ್ವಾ? ಅಲ್ಲಿ ತಪ್ಪಿಗೆ ಶಿಕ್ಷೆ ಜಾಸ್ತಿ, ಆಯ್ಕೆ ಕಡಿಮೆ.

ಮ್ಯೂರ್‌ಫೀಲ್ಡ್ ಬಗ್ಗೆ ಹಾಗೆ ಹೇಳಲಾರೆ. ಅದರ ಜೋಡಣೆಗೆ ಕೈ ಮುಗಿಯಬೇಕು. ಹಳೆಯ ಲಿಂಕ್ಸ್‌ಗಳು ಸಾಮಾನ್ಯವಾಗಿ ದಂಡೆಯುದ್ದಕ್ಕೂ ಹೋಗಿ ವಾಪಸ್ ಬರುತ್ತವೆ. ಅರ್ಧ ಆಟ ಎದುರು ಗಾಳಿ, ಅರ್ಧ ಆಟ ಬೆನ್ನ ಗಾಳಿ. ಮ್ಯೂರ್‌ಫೀಲ್ಡ್‌ನಲ್ಲಿ ಮೊದಲ ಒಂಬತ್ತು ಹೋಲ್ ಹೊರಗಡೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ. ಉಳಿದ ಒಂಬತ್ತು ಒಳಗಡೆ ಅದಕ್ಕೆ ಎದುರಾಗಿ. ಗಾಳಿ ಹೋಲ್‌ನಿಂದ ಹೋಲ್‌ಗೆ ದಿಕ್ಕು ಬದಲಿಸುತ್ತದೆ. ಬಂಕರ್‌ಗಳೂ (ಮರಳಿನ ಹೊಂಡಗಳು) ಕಣ್ಣಿಗೆ ಕಾಣುತ್ತವೆ, ಮೋಸ ಇಲ್ಲ. ಆದರೆ ಆ ಕ್ಲಬ್ 2017ರವರೆಗೂ ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿರಲಿಲ್ಲ. 2022ರಲ್ಲಿ ಅಲ್ಲೇ ಮಹಿಳೆಯರ ಓಪನ್ ನಡೆದಾಗ ನನಗೆ ನಿಜಕ್ಕೂ ಖುಷಿಯಾಯಿತು. ನೆಲ ಎಷ್ಟೇ ಚೆನ್ನಾಗಿರಲಿ, ಬಾಗಿಲು ಯಾರಿಗೆ ತೆರೆದಿದೆ ಅನ್ನುವುದನ್ನೂ ನಾನು ನೋಡುತ್ತೇನೆ.

ಬಾಗಿಲಿನ ಮಾತಿಗೆ ಸೇಂಟ್ ಆಂಡ್ರ್ಯೂಸ್‌ಗೆ ಸಾಟಿ ಇಲ್ಲ. ಓಲ್ಡ್ ಕೋರ್ಸ್ ಸಾರ್ವಜನಿಕ ಕೋರ್ಸ್. ಚೀಟಿ ಎತ್ತುವುದರಲ್ಲಿ ಹೆಸರು ಬಂದರೆ ಹೊರಗಿನವರೂ ಆಡಬಹುದು. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ. ಅವತ್ತು ಊರಿನವರು ನಾಯಿ ಕರೆದುಕೊಂಡು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಮೇಲೆ ಓಡಾಡುತ್ತಾರೆ. ಎಷ್ಟು ಚೆಂದ ಆ ನೋಟ! ಏಳು ಗ್ರೀನ್‌ಗಳು ಎರಡೆರಡು ಹೋಲ್‌ಗೆ ಹಂಚಿಕೆ. ಎರಡನೆಯದು ಹದಿನಾರರ ಜೊತೆ, ಮೂರನೆಯದು ಹದಿನೈದರ ಜೊತೆ, ಹೀಗೆ ಪ್ರತಿ ಜೋಡಿ ಕೂಡಿಸಿದರೂ 18. ಎಡಕ್ಕೆ ಹೊಡೆದರೆ ಕ್ಷೇಮ, ಬಲಕ್ಕೆ ಹೊಡೆದರೆ ಲಾಭ. ಆಯ್ಕೆ ನಮ್ಮದು. ಮೊದಲ ಸಲ ಆಡಿದಾಗ ನನಗೆ ಅದು ಬರೀ ಬೋಳು ಮೈದಾನ ಅನ್ನಿಸಿತ್ತು. ನಾಲ್ಕನೇ ಸಲಕ್ಕೆ ಅರ್ಥವಾಗತೊಡಗಿತು. ಒಂದೇ ದಿನ ಇರುವವರಿಗೆ ನಾನು ಅದನ್ನು ಹೇಳದಿರುವುದು ಇದಕ್ಕೇ.

ಈಗ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್. ಮ್ಯೂರ್‌ಫೀಲ್ಡ್‌ನಿಂದ ಕೆಲವೇ ಮೈಲಿ. ಎಡಿನ್‌ಬರೋದಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಇಲ್ಲಿ ಒಮ್ಮೆಯೂ ಓಪನ್ ನಡೆದಿಲ್ಲ. ಆದರೆ ಮೊದಲ ದಿನವೇ ನೆಲ ನಮ್ಮ ಜೊತೆ ಮಾತಾಡುತ್ತದೆ. 13ನೇ ಹೋಲ್‌ಗೆ 'ಪಿಟ್' ಅಂತ ಹೆಸರು. ಗ್ರೀನ್ ಮುಂದೆಯೇ ಗಿಡ್ಡ ಕಲ್ಲುಗೋಡೆ ಅಡ್ಡ ನಿಂತಿದೆ. ಯಾರೂ ಅದನ್ನು ಒಡೆದು ಹಾಕಿಲ್ಲ. ಒಂದು ಸಲ ನನ್ನ ಚೆಂಡು ಆ ಗೋಡೆಗೆ ಒತ್ತಿಕೊಂಡು ನಿಂತಿತು. ಪಕ್ಕಕ್ಕೆ ಹೊಡೆದು, ಆಮೇಲೆ ಗೋಡೆ ದಾಟಿಸಿ, ಗ್ರೀನ್ ಮೇಲೆ ಒಂದೇ ಪಟ್‌ನಲ್ಲಿ (ಉರುಳಿಸುವ ಹೊಡೆತ) ಮುಗಿಸಿದೆ. ಆ ಐದು ಹೊಡೆತ ನನಗೆ ಎಷ್ಟೋ ಬರ್ಡಿಗಿಂತ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಪ್ರಿಯ.

15ನೆಯದು 'ರೆಡಾನ್'. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಹೋಲ್‌ಗಳಲ್ಲಿ ಒಂದು. ಅಮೆರಿಕದ ಕೋರ್ಸ್ ವಿನ್ಯಾಸಕ ಸಿ. ಬಿ. ಮ್ಯಾಕ್‌ಡೊನಾಲ್ಡ್ ಇದನ್ನು ನೋಡಿಕೊಂಡು ತನ್ನ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನಲ್ಲಿ ಅಂಥದ್ದೇ ಕಟ್ಟಿದ. ಗ್ರೀನ್ ಓರೆಯಾಗಿ ಮಲಗಿದೆ, ಹಿಂದಕ್ಕೆ ಎಡಕ್ಕೆ ಇಳಿಜಾರು. ಎಡ ಮುಂದೆ ಆಳದ ಬಂಕರ್. ಬಾವುಟದ ನೇರಕ್ಕೆ ಹೊಡೆದರೆ ನಿಲ್ಲುವುದು ಕಷ್ಟ. ಬಲಕ್ಕೆ ಬೀಳಿಸಬೇಕು, ಮಿಕ್ಕದ್ದನ್ನು ನೆಲ ಮಾಡುತ್ತದೆ. ಚೆಂಡು ನಿಧಾನಕ್ಕೆ ತಿರುಗಿ ಗುಳಿಯ ಕಡೆ ಉರುಳಿತೋ ಇಲ್ಲವೋ ಅಂತ ಕಾಯುತ್ತಾ ನಿಂತಾಗ ಉಸಿರು ಬಿಗಿ ಹಿಡಿದಿರುತ್ತೇನೆ. ಮುಂದಿನ ಹೋಲ್‌ನ ಗ್ರೀನ್ ಎರಡು ದಿಬ್ಬ, ನಡುವೆ ಆಳದ ತಗ್ಗು. ಯಾವ ದಿಬ್ಬದ ಮೇಲೆ ಬಾವುಟ ಇದೆ ಅನ್ನುವುದರ ಮೇಲೆ ಪೂರ್ತಿ ಲೆಕ್ಕ ಬದಲು.

ಆಡುತ್ತಾ ತಲೆ ಎತ್ತಿದರೆ ಕಡಲಲ್ಲಿ ಬಾಸ್ ರಾಕ್, ಗ್ಯಾನೆಟ್ ಹಕ್ಕಿಗಳಿಂದ ಬೆಳ್ಳಗಾದ ಬಂಡೆ.

ಮುಂದಿನ ತಿಂಗಳು ಬೆಂಗಳೂರಿನಿಂದ ತಮ್ಮ ಬರುತ್ತಿದ್ದಾನೆ. ಅವನಿಗೆ ಮ್ಯೂರ್‌ಫೀಲ್ಡ್ ಆಸೆ. ನಾನು ಬುಕ್ ಮಾಡಿರುವುದು ನಾರ್ತ್ ಬೆರಿಕ್, ಎರಡು ಮಧ್ಯಾಹ್ನ. ಮೊದಲನೆಯ ದಿನ ರೆಡಾನ್‌ನಲ್ಲಿ ಅವನು ನೇರ ಬಾವುಟಕ್ಕೇ ಹೊಡೆಯಲಿ, ನಾನು ಏನೂ ಹೇಳುವುದಿಲ್ಲ. ಎರಡನೆಯ ದಿನ ಎಲ್ಲಿಗೆ ಹೊಡೆಯುತ್ತಾನೋ ನೋಡಬೇಕು.